ಕೋಚನಹಳ್ಳಿಗೆ ಬರಬೇಕಿದ್ದ ಚಿಪ್ ಕಾರ್ಖಾನೆ: ಒಂದು ಪ್ರಕರಣ ಅಧ್ಯಯನ

2022ರ ಜೂನ್. ನಾನು ಪಾಠ ಮಾಡುವ ಪಾಲಿಟೆಕ್ನಿಕ್‌ನಲ್ಲಿ ಅಡ್ಮಿಷನ್ ನಡೆಯುತ್ತಿತ್ತು. ಕಡಕೊಳದ ಕಡೆಯ ಹಳ್ಳಿಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿ ಒಳ್ಳೆಯ ನಂಬರ್ ತೆಗೆದಿದ್ದಳು. ಕಂಪ್ಯೂಟರ್ ಸೈನ್ಸ್ ಕೊಡಿಸಬೇಕಾ, ಎಲೆಕ್ಟ್ರಾನಿಕ್ಸ್ ಕೊಡಿಸಬೇಕಾ ಅನ್ನೋದು ಅವರ ಗೊಂದಲ. ಜೇಬಿನಿಂದ ಮಡಚಿದ ಪೇಪರ್ ಕಟಿಂಗ್ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು.

"ಮೇಷ್ಟ್ರೇ, ಕೋಚನಹಳ್ಳಿಗೆ ಚಿಪ್ ಫ್ಯಾಕ್ಟ್ರಿ ಬತ್ತದಂತೆ. ಎಲೆಕ್ಟ್ರಾನಿಕ್ಸ್ ಓದುದ್ರೆ ಇವ್ಳಿಗೆ ಅಲ್ಲಿ ಕೆಲ್ಸ ಸಿಕ್ತದಾ?"

"ಮೂರು ವರ್ಷ ಇದೆಯಲ್ಲ ಯಜಮಾನ್ರೇ. ಇವಳು ಪಾಸಾಗೋ ಹೊತ್ತಿಗೆ ಕಾರ್ಖಾನೆ ಎದ್ದಿರುತ್ತೆ. ಸಿಗಬಹುದು" ಅಂದೆ.

ಅವರು ಎಲೆಕ್ಟ್ರಾನಿಕ್ಸ್‌ಗೇ ಸೇರಿಸಿದರು. ಹುಡುಗಿ 2025ರಲ್ಲಿ ಡಿಪ್ಲೊಮಾ ಮುಗಿಸಿದಳು. ಅಷ್ಟರೊಳಗೆ ಮೊದಲ ಯೋಜನೆ ಕೈಬಿಟ್ಟುಹೋಗಿತ್ತು. ಅವಳ ಕೊನೆಯ ಸೆಮಿಸ್ಟರ್ ನಡೆಯುತ್ತಿದ್ದಾಗಲೇ, ಮೇ ತಿಂಗಳಲ್ಲಿ, ಅದೇ ಕೋಚನಹಳ್ಳಿಗೆ ಬರಬೇಕಿದ್ದ ಎರಡನೆಯ ಚಿಪ್ ಯೋಜನೆಯೂ ನಿಂತಿತು. ಒಂದು ಬ್ಯಾಚ್ ಸೇರಿ ಹೊರಗೆ ಹೋಗುವಷ್ಟರಲ್ಲಿ ಎರಡು ಕಾರ್ಖಾನೆ ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆಯೇ ಮುಗಿದವು.

ಅವತ್ತು ನಾನು "ಸಿಗಬಹುದು" ಅಂದದ್ದು ಯಾವ ಆಧಾರದ ಮೇಲೆ? ಪೇಪರಿನಲ್ಲಿ ಎಕರೆ ಲೆಕ್ಕ ಇತ್ತು, ಕೋಟಿ ಲೆಕ್ಕ ಇತ್ತು, ಮುಖ್ಯಮಂತ್ರಿಗಳ ಫೋಟೊ ಇತ್ತು. ಅಷ್ಟು ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಏನು ಕಡಿಮೆ ಇತ್ತು ಅಂತ ಆಮೇಲೆ ಕೂತು ಒಂದೊಂದೇ ನೋಡುತ್ತಾ ಹೋದೆ.

ಏನು ಬರಬೇಕಿತ್ತು

ಹಿನ್ನೆಲೆಯಿಂದ ಶುರು ಮಾಡೋಣ. ಕೊರೊನಾ ಸಮಯದಲ್ಲಿ ಚಿಪ್ ಸಿಗದೆ ಕಾರು ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾದದ್ದು ನೆನಪಿದೆ ಅಲ್ವಾ? ಆಗ ಎಲ್ಲ ದೇಶಗಳಿಗೂ ಭಯ ಹುಟ್ಟಿತು. ಅಮೆರಿಕ 2022ರ ಆಗಸ್ಟ್‌ನಲ್ಲಿ ಚಿಪ್ಸ್ ಕಾಯ್ದೆ ತಂದು ಸುಮಾರು 52.7 ಬಿಲಿಯನ್ ಡಾಲರ್ ಎತ್ತಿಟ್ಟಿತು. ನಮ್ಮ ಕೇಂದ್ರ ಸರ್ಕಾರ ಅದಕ್ಕೂ ಮುಂಚೆ, 2021ರ ಡಿಸೆಂಬರ್‌ನಲ್ಲಿ, 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಅದನ್ನು ನಡೆಸುವ ಇಂಡಿಯಾ ಸೆಮಿಕಂಡಕ್ಟರ್ ಮಿಷನ್ ಹುಟ್ಟಿದ್ದು ಹಾಗೆ. ಚಿಪ್ ಕಾರ್ಖಾನೆ ಕಟ್ಟುವವರ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರವೇ ಕೊಡುತ್ತದೆ ಅನ್ನೋದು ಇದರ ತಿರುಳು. ಮೊದಲು ಈ ಪಾಲು ಚಿಪ್ ಎಷ್ಟು ಸೂಕ್ಷ್ಮ ಅನ್ನುವುದರ ಮೇಲೆ ನಿಂತಿತ್ತು. 28 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್) ಅಥವಾ ಅದಕ್ಕಿಂತ ಸಣ್ಣದಾದರೆ ಶೇ. 50ರವರೆಗೆ, 65ರ ಮಟ್ಟದ್ದಾದರೆ ಶೇ. 30ರವರೆಗೆ. 2022ರ ಸೆಪ್ಟೆಂಬರ್‌ನಲ್ಲಿ ಆ ಭೇದ ತೆಗೆದು ಎಲ್ಲದಕ್ಕೂ ಶೇ. 50 ಅಂದರು.

ಕಾರ್ಖಾನೆ ಹಾಕುತ್ತೇವೆ ಅಂತ ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದವರು ಮೂರು ಗುಂಪಿನವರು. ವೇದಾಂತ ಮತ್ತು ಫಾಕ್ಸ್‌ಕಾನ್ ಸೇರಿ ಒಂದು. ಸಿಂಗಪುರದ ಐಜಿಎಸ್‌ಎಸ್ ವೆಂಚರ್ಸ್ ಇನ್ನೊಂದು. ಮೂರನೆಯದು ಐಎಸ್‌ಎಂಸಿ. ಅಬುಧಾಬಿಯ ನೆಕ್ಸ್ಟ್ ಆರ್ಬಿಟ್ ವೆಂಚರ್ಸ್ ಅದರ ಹಿಂದಿತ್ತು. ಇಸ್ರೇಲಿನ ಟವರ್ ಸೆಮಿಕಂಡಕ್ಟರ್ ತಂತ್ರಜ್ಞಾನ ಕೊಡಬೇಕಿತ್ತು.

ಈ ಐಎಸ್‌ಎಂಸಿ 2022ರ ಮೇ 1ರಂದು ಕರ್ನಾಟಕ ಸರ್ಕಾರದ ಜೊತೆ ಒಡಂಬಡಿಕೆಗೆ ಸಹಿ ಹಾಕಿತು. ಆಗ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ. ಏಳು ವರ್ಷದಲ್ಲಿ 22,900 ಕೋಟಿ ರೂಪಾಯಿ ಹೂಡಿಕೆ, 1,500 ಜನಕ್ಕೆ ನೇರ ಕೆಲಸ, 10,000 ಜನಕ್ಕೆ ಪರೋಕ್ಷ ಕೆಲಸ ಅಂತ ಹೇಳಿದರು. ಮೈಸೂರಿನ ಕೋಚನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ 150 ಎಕರೆ ಕೇಳಿದರು. 65 ನ್ಯಾನೋಮೀಟರ್‌ನ ಅನಲಾಗ್ ಚಿಪ್ ಮಾಡುವ ಯೋಚನೆ. ಮೊಬೈಲಿನ ಮೆದುಳಾಗುವ ಅತಿ ಸೂಕ್ಷ್ಮ ಚಿಪ್ ಅಲ್ಲ. ಕರೆಂಟು, ಶಬ್ದ, ಬಿಸಿ, ಒತ್ತಡ ಅಳೆದು ಹದ್ದುಬಸ್ತಿನಲ್ಲಿಡುವ ಜಾತಿಯದು. ಕಾರಿಗೆ ಬೇಕು, ಚಾರ್ಜರ್‌ಗೆ ಬೇಕು, ಫ್ಯಾಕ್ಟರಿ ಮೆಷಿನ್‌ಗೂ ಬೇಕು. ನನ್ನ ಪ್ರಕಾರ ಆಯ್ಕೆ ಸರಿಯಾಗಿಯೇ ಇತ್ತು.

ಜಾಗವೂ ಸರಿಯಾಗಿತ್ತು. ಕೋಚನಹಳ್ಳಿ ಇರುವುದು ನಂಜನಗೂಡು ರಸ್ತೆಯ ಕಡೆ. ಮಂಡಕಳ್ಳಿ ವಿಮಾನ ನಿಲ್ದಾಣ ಹತ್ತಿರ, ರೈಲ್ವೆ ಲೈನ್ ಹತ್ತಿರ, ಕಬಿನಿ ಹತ್ತಿರ. ನಂಜನಗೂಡಿನಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ 1999ರಿಂದ ಸರ್ಕ್ಯೂಟ್ ಬೋರ್ಡ್ ಮಾಡುತ್ತಿದೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಹೊಸದಲ್ಲ, ಎನ್ಐಇ ಶುರುವಾದದ್ದೇ 1946ರಲ್ಲಿ. ಇಷ್ಟೆಲ್ಲ ಇದ್ದದ್ದಕ್ಕೇ ನಾನು ಅಷ್ಟು ಧೈರ್ಯವಾಗಿ ಹೇಳಿದ್ದು.

ಮೊದಲನೆಯದು ಹೇಗೆ ನಿಂತಿತು

ಒಡಂಬಡಿಕೆಗೆ ಸಹಿ ಬೀಳುವ ಎರಡೂವರೆ ತಿಂಗಳ ಮುಂಚೆಯೇ ಒಂದು ಸುದ್ದಿ ಬಂದಿತ್ತು. ನಮ್ಮ ಕಡೆ ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. 2022ರ ಫೆಬ್ರವರಿಯಲ್ಲಿ ಇಂಟೆಲ್ ಕಂಪನಿ ಟವರ್ ಸೆಮಿಕಂಡಕ್ಟರನ್ನು 5.4 ಬಿಲಿಯನ್ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಅಂದರೆ ಕೋಚನಹಳ್ಳಿಗೆ ತಂತ್ರಜ್ಞಾನ ಕೊಡಬೇಕಿದ್ದ ಕಂಪನಿಯೇ ಮಾರಾಟಕ್ಕೆ ನಿಂತಿತ್ತು.

ಇಷ್ಟು ದೊಡ್ಡ ಕಂಪನಿ ಕೈಬದಲಾಗಬೇಕಾದರೆ ಅದು ವ್ಯಾಪಾರ ಮಾಡುವ ಹಲವು ದೇಶಗಳು ಒಪ್ಪಬೇಕು. ಒಪ್ಪಿಗೆ ಸಿಗುವವರೆಗೆ ಟವರ್ ಇನ್ನೊಬ್ಬರಿಗೆ ಗಟ್ಟಿಯಾಗಿ ಮಾತು ಕೊಟ್ಟು ಸಹಿ ಹಾಕುವ ಸ್ಥಿತಿಯಲ್ಲಿ ಇರಲಿಲ್ಲ. ಇಂಟೆಲ್ ಟವರನ್ನು ಕೊಳ್ಳಲು ಹೊರಟದ್ದರಿಂದ ಐಎಸ್‌ಎಂಸಿ ಮುಂದುವರಿಯಲು ಆಗಲಿಲ್ಲ ಅಂತ ಕೇಂದ್ರದಲ್ಲಿ ಆಗ ಸಚಿವರಾಗಿದ್ದ ರಾಜೀವ್ ಚಂದ್ರಶೇಖರ್ 2023ರಲ್ಲಿ ಹೇಳಿದರು. ಆಮೇಲೆ ಆ ಮಾರಾಟವೂ ಆಗಲಿಲ್ಲ. ಚೀನಾದ ಒಪ್ಪಿಗೆ ಗಡುವಿನೊಳಗೆ ಬರಲಿಲ್ಲ. 2023ರ ಆಗಸ್ಟ್‌ನಲ್ಲಿ ಇಂಟೆಲ್ ಹಿಂದೆ ಸರಿದು ಟವರ್‌ಗೆ 353 ಮಿಲಿಯನ್ ಡಾಲರ್ ಪರಿಹಾರ ಕೊಟ್ಟಿತು. ಕೋಚನಹಳ್ಳಿಗೆ ಯಾರೂ ಏನೂ ಕೊಡಬೇಕಿರಲಿಲ್ಲ. ಟವರ್ ಮತ್ತೆ ಸ್ವತಂತ್ರ ಕಂಪನಿಯಾಯಿತು, ಆದರೆ ಕೋಚನಹಳ್ಳಿ ಕಡೆ ತಿರುಗಲಿಲ್ಲ. ಮುಂದೆ 2024ರಲ್ಲಿ ಅದರ ಹೆಸರು ಕೇಳಿದ್ದು ಮಹಾರಾಷ್ಟ್ರದಲ್ಲಿ, ಅದಾನಿ ಗುಂಪಿನ ಜೊತೆ.

ಇನ್ನೆರಡು ಅರ್ಜಿಗಳ ಗತಿ ಏನಾಯಿತು ಅಂತ ನೋಡಿದಾಗ ನನಗೆ ವಿಷಯ ಇನ್ನೂ ಸ್ಪಷ್ಟವಾಯಿತು. ವೇದಾಂತ-ಫಾಕ್ಸ್‌ಕಾನ್‌ಗೆ ಜಾಗ ಗುಜರಾತಿನಲ್ಲಿ. ದುಡ್ಡಿಗೆ ಕೊರತೆ ಹೇಳುವ ಹೆಸರುಗಳಲ್ಲ ಅವು. ಆದರೆ ಚಿಪ್ ಮಾಡಿ ಅನುಭವ ಇರುವ ಪಾಲುದಾರರು ಗಟ್ಟಿಯಾಗಿ ಸಿಗಲಿಲ್ಲ. 2023ರ ಜುಲೈಯಲ್ಲಿ ಫಾಕ್ಸ್‌ಕಾನ್ ಹೊರಗೆ ಬಂತು. ಸಿಂಗಪುರದವರ ಯೋಜನೆಯೂ ನಡೆಯಲಿಲ್ಲ. ಮೂರಕ್ಕೆ ಮೂರೂ ಬಿದ್ದವು.

ಎರಡನೆಯದು

ಕೋಚನಹಳ್ಳಿಯ ಹೆಸರು ಮತ್ತೆ ಕೇಳಿದ್ದು 2024ರ ಕೊನೆಯಲ್ಲಿ. ಸಾಫ್ಟ್‌ವೇರ್ ಮಾಡುವ ಜೋಹೋ ಕಂಪನಿಯ ಬೆಂಬಲ ಇದ್ದ ಸಿಲೆಕ್ಟ್ರಿಕ್ ಸೆಮಿಕಂಡಕ್ಟರ್ ಅನ್ನುವ ಕಂಪನಿ ಅಲ್ಲಿ ಸುಮಾರು 3,426 ಕೋಟಿ ರೂಪಾಯಿ ಹೂಡುವ ಪ್ರಸ್ತಾವ ತಂದಿತು. 460 ಜನಕ್ಕೆ ಕೆಲಸ. ಕಾಂಪೌಂಡ್ ಸೆಮಿಕಂಡಕ್ಟರ್, ಅಂದರೆ ಬರೀ ಸಿಲಿಕಾನ್ ಅಲ್ಲದೆ ಬೇರೆ ವಸ್ತು ಸೇರಿಸಿ ಮಾಡುವ ಚಿಪ್. ರಾಜ್ಯದ ಉನ್ನತ ಮಟ್ಟದ ಸಮಿತಿ ಒಪ್ಪಿಗೆ ಕೊಟ್ಟಿತು. ನಮ್ಮ ಸ್ಟಾಫ್ ರೂಮಿನಲ್ಲಿ ಮತ್ತೆ ಅದೇ ಮಾತು ಶುರುವಾಯಿತು.

2025ರ ಮೇ ತಿಂಗಳಲ್ಲಿ ಜೋಹೋ ಕಟ್ಟಿದ ಶ್ರೀಧರ್ ವೆಂಬು ಅವರೇ ಬಹಿರಂಗವಾಗಿ ಹೇಳಿದರು: ಸದ್ಯಕ್ಕೆ ಈ ಯೋಜನೆ ಬಿಟ್ಟಿದ್ದೇವೆ. ಈ ವ್ಯವಹಾರಕ್ಕೆ ಸರ್ಕಾರದ ಹಣ ಬೇಕೇ ಬೇಕು. ಜನರ ತೆರಿಗೆ ಹಣ ತೆಗೆದುಕೊಳ್ಳುವ ಮುಂಚೆ ತಂತ್ರಜ್ಞಾನದ ದಾರಿ ನಮಗೆ ಪೂರ್ತಿ ಖಚಿತ ಇರಬೇಕು. ಅಷ್ಟು ವಿಶ್ವಾಸ ಬರಲಿಲ್ಲ. ಅವರ ಮಾತಿನ ಸಾರ ಇಷ್ಟು. ನನಗೆ ಬೇಜಾರಾಯಿತು, ಆದರೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ಸರ್ಕಾರದ ದುಡ್ಡು ಹಾಕಿಸಿಕೊಂಡು ಅರ್ಧ ಕಟ್ಟಡ ಎಬ್ಬಿಸಿ ಬಿಟ್ಟುಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಎರಡು ಸಲವೂ ಜಾಗ ಇತ್ತು. ಎರಡು ಸಲವೂ ರಾಜ್ಯ ಸರ್ಕಾರ ಒಪ್ಪಿತ್ತು, ಸರ್ಕಾರ ನಡೆಸುವ ಪಕ್ಷ ಬದಲಾದರೂ ಒಪ್ಪಿತ್ತು. ಕೇಂದ್ರದಲ್ಲಿ ಶೇ. 50ರ ಯೋಜನೆ ಇತ್ತು. ನಿಂತದ್ದು ಒಂದೇ ಕಡೆ. ಚಿಪ್ ಮಾಡುವ ವಿದ್ಯೆ ಯಾರ ಕೈಯಲ್ಲಿದೆ, ಅವರು ಅದನ್ನು ಇಲ್ಲಿಗೆ ತರುತ್ತಾರಾ ಅನ್ನುವ ಕಡೆ.

ಹದ ಗೊತ್ತಿರುವವರು

ಮಂಡ್ಯದ ಕಡೆಯ ಮಕ್ಕಳು ನಮ್ಮ ಕಾಲೇಜಿನಲ್ಲಿ ಜಾಸ್ತಿ. ಅವರಿಗೆ ನಾನು ಇದನ್ನು ಆಲೆಮನೆ ಇಟ್ಟುಕೊಂಡು ಹೇಳುತ್ತೇನೆ. ಗಾಣ ಯಾರು ಬೇಕಾದರೂ ತರಬಹುದು. ಕೊಪ್ಪರಿಗೆ ತರಬಹುದು. ಕಬ್ಬಂತೂ ಗದ್ದೆಯಲ್ಲೇ ಇದೆ. ಆದರೆ ಕುದಿಯುವ ಹಾಲು ನೋಡಿ, ಸೌಟಿನಿಂದ ಒಂದು ಹನಿ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ, "ಇಳಿಸ್ರೋ" ಅನ್ನುವ ಮನುಷ್ಯ ಬೇಕು. ಅವನು ಇಲ್ಲದಿದ್ದರೆ ಬೆಲ್ಲ ಅಂಟಾಗುತ್ತೆ, ಇಲ್ಲ ಸೀದುಹೋಗುತ್ತೆ. ಅವನಿಗೆ ಬಂದ ಹದ ಪುಸ್ತಕ ಓದಿ ಬಂದದ್ದಲ್ಲ.

ಚಿಪ್ ಕಾರ್ಖಾನೆಯ ಹದ ಇನ್ನೂ ಕಷ್ಟ. ಒಂದು ಸಿಲಿಕಾನ್ ಬಿಲ್ಲೆ, ಅದನ್ನು ವೇಫರ್ ಅನ್ನುತ್ತಾರೆ, ಒಳಗೆ ಹೋದರೆ ನೂರಾರು ಹಂತ ದಾಟಿ ಎರಡು ಮೂರು ತಿಂಗಳಾದ ಮೇಲೆ ಹೊರಗೆ ಬರುತ್ತದೆ. ಕ್ಲಾಸಿನಲ್ಲಿ ಒಂದು ಲೆಕ್ಕ ಮಾಡಿಸುತ್ತೇನೆ. 500 ಹಂತ ಇದೆ ಅನ್ನೋಣ. ಪ್ರತಿ ಹಂತದಲ್ಲೂ ಸಾವಿರಕ್ಕೆ ಒಂದೇ ಒಂದು ಹಾಳಾಗುತ್ತೆ ಅನ್ನೋಣ. ಕೇಳೋಕೆ ಅದು ಏನೂ ಅಲ್ಲ. ಆದರೆ 0.999ನ್ನು 500 ಸಲ ಗುಣಿಸಿದರೆ 0.606 ಬರುತ್ತೆ. ನೂರಕ್ಕೆ ಅರವತ್ತೇ ಉಳಿಯುತ್ತೆ, ನಲವತ್ತು ಕಸದ ಬುಟ್ಟಿಗೆ. ಕ್ಯಾಲ್ಕ್ಯುಲೇಟರ್‌ನಲ್ಲಿ ಈ ಉತ್ತರ ಬಂದಾಗ ಪ್ರತಿ ವರ್ಷವೂ ಕ್ಲಾಸು ಒಂದು ನಿಮಿಷ ಸುಮ್ಮನಾಗುತ್ತೆ. ಯಾವ ಹಂತದಲ್ಲಿ ಎಷ್ಟು ಬಿಸಿ, ಯಾವ ಅನಿಲ ಎಷ್ಟು ಹೊತ್ತು, ನೀರು ಎಷ್ಟು ಶುದ್ಧ ಅನ್ನುವುದನ್ನು ವರ್ಷಗಟ್ಟಲೆ ಹಾಳುಮಾಡಿ ಹಾಳುಮಾಡಿ ಕಲಿತಿರುತ್ತಾರೆ. ಆ ಕಲಿಕೆಯೇ ತಂತ್ರಜ್ಞಾನ. ಮೆಷಿನ್ ಕೊಂಡರೆ ಅದು ಜೊತೆಗೆ ಬರುವುದಿಲ್ಲ.

ಸರ್ಕಾರವೇ ನಡೆಸಿದರೂ ಈ ಮಾತು ತಪ್ಪುವುದಿಲ್ಲ. ಮೊಹಾಲಿಯಲ್ಲಿ ಸರ್ಕಾರದ ಸೆಮಿಕಂಡಕ್ಟರ್ ಕಾರ್ಖಾನೆ 1984ರಲ್ಲೇ ಉತ್ಪಾದನೆ ಶುರು ಮಾಡಿತ್ತು. 1989ರ ಫೆಬ್ರವರಿಯಲ್ಲಿ ಬೆಂಕಿಗೆ ಸುಟ್ಟುಹೋಯಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. ಮುಂದೆ ಅಲ್ಲಿ 180 ನ್ಯಾನೋಮೀಟರ್ ಚಿಪ್ ಮಾಡುವ ವಿದ್ಯೆ ತಂದದ್ದು ಯಾರಿಂದ ಗೊತ್ತಾ? ಇದೇ ಟವರ್ ಕಂಪನಿಯಿಂದ.

ಗೆದ್ದ ಯೋಜನೆಗಳನ್ನು ಈ ಕಣ್ಣಿನಿಂದ ನೋಡಿ. 2024ರ ಫೆಬ್ರವರಿ 29ರಂದು ಒಪ್ಪಿಗೆ ಸಿಕ್ಕ ಗುಜರಾತಿನ ಧೋಲೇರಾದ ಟಾಟಾ ಕಾರ್ಖಾನೆಗೆ ತೈವಾನಿನ ಚಿಪ್ ಕಂಪನಿ ಪಿಎಸ್‌ಎಂಸಿ ಜೊತೆಗಿದೆ. ಅದೇ ರಾಜ್ಯದ ಸಾನಂದದಲ್ಲಿ ಅಮೆರಿಕದ ಮೈಕ್ರಾನ್ ತನ್ನದೇ ಮೆಮೊರಿ ಚಿಪ್‌ಗಳ ಪ್ಯಾಕಿಂಗ್ ಮಾಡುತ್ತದೆ. ಅಲ್ಲೇ ಸಿಜಿ ಪವರ್ ಜೊತೆ ಜಪಾನಿನ ರೆನೆಸಾಸ್ ಇದೆ. ಹದ ಗೊತ್ತಿರುವವರು ಒಳಗೆ ಬಂದು ಕೂತಿದ್ದಾರೆ. ಹಾಗಂತ ಎಲ್ಲ ಗೆದ್ದಾಗಿದೆ ಅಂತಲ್ಲ. ಆದರೆ ಅಲ್ಲಿ ಮುಂದಿನ ಹೆಜ್ಜೆ ಇಡಲು ಯಾರಿಗಾಗಿಯೂ ಕಾಯಬೇಕಿಲ್ಲ.

ಒಂದು ಕೆಲಸಕ್ಕೆ ಎಷ್ಟು ಕೋಟಿ

ಆ ರೈತರು ಕೇಳಿದ್ದು ಚಿಪ್ ಬಗ್ಗೆ ಅಲ್ಲ, ಕೆಲಸದ ಬಗ್ಗೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಈ ಭಾಗವೇ.

ಲೆಕ್ಕ ಸರಳ. ಐಎಸ್‌ಎಂಸಿಯ 22,900 ಕೋಟಿಯನ್ನು 1,500ರಿಂದ ಭಾಗಿಸಿ. ಒಂದು ನೇರ ಕೆಲಸಕ್ಕೆ 15 ಕೋಟಿ ರೂಪಾಯಿಗೂ ಜಾಸ್ತಿ. ಅದರಲ್ಲಿ ಅರ್ಧ ಕೇಂದ್ರ ಕೊಟ್ಟಿದ್ದರೆ, ಒಂದು ಕೆಲಸಕ್ಕೆ ಸರ್ಕಾರದ ಪಾಲು ಏಳೂವರೆ ಕೋಟಿ ದಾಟುತ್ತಿತ್ತು. ಸಿಲೆಕ್ಟ್ರಿಕ್‌ನಲ್ಲಿ ಒಂದು ಕೆಲಸಕ್ಕೆ ಸುಮಾರು ಏಳೂವರೆ ಕೋಟಿ ಹೂಡಿಕೆ.

ಈಗ ಪ್ಯಾಕಿಂಗ್ ಮತ್ತು ಟೆಸ್ಟಿಂಗ್ ಕಾರ್ಖಾನೆ ನೋಡಿ. ಬೇರೆ ಕಡೆ ಮಾಡಿದ ವೇಫರ್ ತಂದು, ಕತ್ತರಿಸಿ, ಕಾಲು ಕೂಡಿಸಿ, ಮೇಲೆ ಕಪ್ಪು ಕವಚ ಹಾಕಿ, ಪರೀಕ್ಷೆ ಮಾಡಿ ಕಳಿಸುವ ಜಾಗ. ಮೈಕ್ರಾನ್‌ನ ಸಾನಂದದ ಯೋಜನೆ 22,516 ಕೋಟಿ, ಹೇಳಿದ ನೇರ ಕೆಲಸ 5,000. ಒಂದು ಕೆಲಸಕ್ಕೆ ನಾಲ್ಕೂವರೆ ಕೋಟಿ. ಅದರಲ್ಲಿ ಶೇ. 50 ಕೇಂದ್ರದ್ದು, ಶೇ. 20 ಗುಜರಾತಿನದು. ಹಾಗಾಗಿ ಅಲ್ಲಿಯೂ ಒಂದು ಕೆಲಸಕ್ಕೆ ಸರ್ಕಾರಗಳ ಪಾಲು ಮೂರು ಕೋಟಿ ದಾಟುತ್ತೆ. ಅಸ್ಸಾಮಿನ ಟಾಟಾ ಪ್ಯಾಕಿಂಗ್ ಕಾರ್ಖಾನೆ 27,000 ಕೋಟಿ, ಹೇಳಿದ ನೇರ ಕೆಲಸ ಸುಮಾರು 15,000. ಒಂದು ಕೆಲಸಕ್ಕೆ 1.8 ಕೋಟಿ.

ಇವೆಲ್ಲ ಘೋಷಣೆಯ ದಿನ ಹೇಳಿದ ಅಂಕಿಗಳು. ನಾನು ಭಾಗಾಕಾರ ಮಾಡಿದ್ದೇನೆ ಅಷ್ಟೇ. ಆದರೂ ಅಂತರ ಎಷ್ಟು ದೊಡ್ಡದು ನೋಡಿ. ಐಎಸ್‌ಎಂಸಿಯಲ್ಲಿ ಒಂದು ಕೆಲಸಕ್ಕೆ ಬೀಳುವ ಹೂಡಿಕೆಯಲ್ಲಿ ಅಸ್ಸಾಮಿನಲ್ಲಿ ಎಂಟು ಜನಕ್ಕೆ ಕೆಲಸ ಕೊಡಬಹುದು.

ಹಾಗಾದರೆ ವೇಫರ್ ಕಾರ್ಖಾನೆ ಬೇಡವೇ ಅಂದರೆ, ಬೇಕು. ಖಂಡಿತ ಬೇಕು. ಯುದ್ಧವೋ ರೋಗವೋ ಬಂದು ಹಡಗು ನಿಂತರೆ ನಮ್ಮ ಆಸ್ಪತ್ರೆಯ ಮೆಷಿನ್, ರೈಲಿನ ಸಿಗ್ನಲ್, ಸೈನ್ಯದ ರೇಡಿಯೊ ನಿಲ್ಲಬಾರದು. ಅದಕ್ಕೆ ದೇಶದೊಳಗೆ ಚಿಪ್ ಆಗಬೇಕು. ಅದಕ್ಕೆ ಸರ್ಕಾರ ಹಣ ಹಾಕುವುದು ಸರಿ. ನನ್ನ ತಕರಾರು ಅದನ್ನು ಉದ್ಯೋಗದ ಯೋಜನೆ ಅಂತ ಊರಿನವರಿಗೆ ಹೇಳುವುದರ ಬಗ್ಗೆ. ಹೆಡ್‌ಲೈನಿನಲ್ಲಿ ಕೆಲಸದ ಸಂಖ್ಯೆ ದಪ್ಪಕ್ಷರದಲ್ಲಿ ಬರುತ್ತೆ. ಆ ಸಂಖ್ಯೆ ನೋಡಿ ಒಬ್ಬ ಅಪ್ಪ ಮಗಳ ಓದು ತೀರ್ಮಾನ ಮಾಡುತ್ತಾನೆ. 1,500 ಕೆಲಸದಲ್ಲಿ ಡಿಪ್ಲೊಮಾದವರಿಗೆ ಎಷ್ಟು, ಎಂಟೆಕ್ ಮಾಡಿದವರಿಗೆ ಎಷ್ಟು, ಅದು ಯಾವ ವರ್ಷಕ್ಕೆ ಅಂತ ಯಾವ ಪೇಪರಿನಲ್ಲೂ ನಾನು ನೋಡಲಿಲ್ಲ. ಆ ಮೂರು ಸಾಲು ಬರೆಯಲು ಎಷ್ಟು ಜಾಗ ಬೇಕು?

ನೀರಿನ ಪ್ರಶ್ನೆಯನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ವೇಫರ್ ಕಾರ್ಖಾನೆಗೆ ದಿನಕ್ಕೆ ಲಕ್ಷಾಂತರ ಲೀಟರ್ ಅತಿಶುದ್ಧ ನೀರು ಬೇಕು. ಅದರಲ್ಲಿ ಬಹುಪಾಲು ಶುದ್ಧ ಮಾಡಿ ಮತ್ತೆ ಬಳಸಬಹುದು. ಕಬಿನಿ ಬೇಸಿಗೆಯಲ್ಲಿ ಹೇಗಿರುತ್ತೆ ಅಂತ ನಮಗೆ ಗೊತ್ತು. ಮರುಬಳಕೆ ಎಷ್ಟು ಅನ್ನುವುದು ಒಪ್ಪಂದದಲ್ಲೇ ಬರಬೇಕು.

ಮೈಸೂರಿನ ಕಂಪನಿ, ಸಾನಂದದ ಕಾರ್ಖಾನೆ

ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಕೇನ್ಸ್ ಟೆಕ್ನಾಲಜಿಯ ವಿಷಯ. 1988ರಲ್ಲಿ ಮೈಸೂರಿನಲ್ಲಿ ಶುರುವಾದ ಕಂಪನಿ. ಇವತ್ತಿಗೂ ಅದರ ಮುಖ್ಯ ಕಚೇರಿ ಇಲ್ಲೇ. ಸರ್ಕ್ಯೂಟ್ ಬೋರ್ಡಿನ ಮೇಲೆ ಚಿಪ್ ಕೂಡಿಸುವ ಕೆಲಸದಲ್ಲಿ ಬೆಳೆದವರು. ಚಿಪ್ ಪ್ಯಾಕಿಂಗ್ ಕಾರ್ಖಾನೆ ಹಾಕುವ ಯೋಚನೆ ಬಂದಾಗ 2023ರಲ್ಲಿ ಮೊದಲು ತೆಲಂಗಾಣ ಅಂದರು. ಆಮೇಲೆ ಗುಜರಾತಿನ ಸಾನಂದ ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಅದಕ್ಕೆ ಒಪ್ಪಿಗೆ ಕೊಟ್ಟಿತು, ಮೊತ್ತ ಸುಮಾರು 3,300 ಕೋಟಿ. 2025ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಮೊದಲ ಕಂತು ಅಮೆರಿಕದ ಕಂಪನಿಗೆ ಹೋಯಿತು.

ಕಂಪನಿಯ ಮೇಲೆ ನನಗೆ ಬೇಸರ ಇಲ್ಲ. ಗುಜರಾತ್ 2022ರಲ್ಲೇ ಸೆಮಿಕಂಡಕ್ಟರ್‌ಗೆ ಅಂತಲೇ ಪ್ರತ್ಯೇಕ ನೀತಿ ತಂದಿತ್ತು. ಕೇಂದ್ರ ಕೊಡುವ ನೆರವಿನ ಮೇಲೆ ಅದರ ಶೇ. 40ರಷ್ಟನ್ನು ರಾಜ್ಯವೂ ಕೊಡುತ್ತೆ. ಲೆಕ್ಕ ಬಲ್ಲವರು ಎಲ್ಲಿಗೆ ಹೋಗುತ್ತಾರೆ ಹೇಳಿ? ಅಕ್ಕಪಕ್ಕದಲ್ಲಿ ಮೈಕ್ರಾನ್, ಸಿಜಿ ಪವರ್. ಅನಿಲ ತರುವವರು, ಮೆಷಿನ್ ರಿಪೇರಿ ಮಾಡುವವರು ಎಲ್ಲರೂ ಅಲ್ಲೇ ಸೇರುತ್ತಾರೆ. ಸಂತೆ ಕೂಡಿದ ಕಡೆಗೇ ಜನ ಹೋಗೋದು.

2025ರ ಆಗಸ್ಟ್ ಹೊತ್ತಿಗೆ ಕೇಂದ್ರ ಒಪ್ಪಿದ ಯೋಜನೆಗಳು 10 ಆದವು. ಆರು ರಾಜ್ಯ, ಸುಮಾರು 1.60 ಲಕ್ಷ ಕೋಟಿ ಹೂಡಿಕೆ. ಗುಜರಾತ್, ಅಸ್ಸಾಂ, ಉತ್ತರ ಪ್ರದೇಶ, ಪಂಜಾಬ್, ಒಡಿಶಾ, ಆಂಧ್ರ. ಚಿಪ್ ವಿನ್ಯಾಸ ಮಾಡುವ ಎಂಜಿನಿಯರ್‌ಗಳು ದೇಶದಲ್ಲೇ ಜಾಸ್ತಿ ಇರುವ ಕರ್ನಾಟಕ ಆ ಪಟ್ಟಿಯಲ್ಲಿ ಇಲ್ಲ. ಕೇಂದ್ರ ಕಂಪನಿಗಳನ್ನು ಬೇರೆ ಕಡೆ ತಿರುಗಿಸುತ್ತಿದೆ ಅಂತ ರಾಜ್ಯದ ಸಚಿವ ಪ್ರಿಯಾಂಕ್ ಖರ್ಗೆ ದೂರಿದ್ದಾರೆ. ಆ ವಾದ ನಡೆಯಲಿ. ಆದರೆ ಕೋಚನಹಳ್ಳಿಯ ಎರಡೂ ಯೋಜನೆ ನಿಂತ ಕಾರಣ ದೆಹಲಿಯಲ್ಲಿ ಇರಲಿಲ್ಲ. ಅದನ್ನು ನಾವು ಒಪ್ಪಿಕೊಳ್ಳಬೇಕು.

ಆ ಹುಡುಗಿ ಈಗ

ಅವಳಿಗೆ ಕೆಲಸ ಸಿಕ್ಕಿದೆ. ಮೈಸೂರಿನ ಒಂದು ಬೋರ್ಡ್ ಅಸೆಂಬ್ಲಿ ಕಾರ್ಖಾನೆಯಲ್ಲಿ, ಮೆಷಿನ್‌ನಿಂದ ಬೋರ್ಡಿನ ಮೇಲೆ ಚಿಪ್ ಕೂಡಿಸುವ ಎಸ್‌ಎಂಟಿ ಲೈನಿನಲ್ಲಿ. ಬೆಳಗಿನ ಶಿಫ್ಟ್ ಇದ್ದರೆ ಮನೆಯಿಂದ ಐದಕ್ಕೆ ಹೊರಡುತ್ತಾಳೆ. ಒಂದು ಶನಿವಾರ ಅವರ ಸೂಪರ್‌ವೈಸರ್ ಒಪ್ಪಿಗೆ ಪಡೆದು ನಾನೂ ಹೋಗಿ ನೋಡಿದೆ.

ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಟ್ಟು ಬೇರೆ ಚಪ್ಪಲಿ ಹಾಕಬೇಕು. ನೀಲಿ ಕೋಟು, ತಲೆಗೆ ಟೋಪಿ, ಕೈಗೆ ಅರ್ಥಿಂಗ್ ಪಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ಒಂದು ಚಿಪ್ಪನ್ನು ಸದ್ದಿಲ್ಲದೆ ಸಾಯಿಸುತ್ತದೆ. ಫ್ರಿಜ್ಜಿನಿಂದ ಸೋಲ್ಡರ್ ಪೇಸ್ಟ್ ಡಬ್ಬಿ ಹೊರಗೆ ತೆಗೆದಿಟ್ಟು, ರೂಮಿನ ಬಿಸಿಗೆ ಬರುವವರೆಗೆ ಕಾದು, ಆಮೇಲೆ ಮುಚ್ಚಳ ತೆಗೆಯಬೇಕು. ಮೊದಲೇ ತೆಗೆದರೆ ತೇವ ಹಿಡಿಯುತ್ತೆ. ಪೇಸ್ಟ್ ಬಳಿದ ಬೋರ್ಡ್ ಮೆಷಿನ್ ಒಳಗೆ ಹೋಗುತ್ತೆ. ಮೆಷಿನ್ ರೀಲಿನಿಂದ ಒಂದೊಂದೇ ಚಿಪ್ ಎತ್ತಿ ಇಡುತ್ತೆ, ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ ಸದ್ದು. ಪೇಸ್ಟ್ ಕರಗಿಸಿ ಬೆಸೆಯುವ ರಿಫ್ಲೋ ಓವನ್ ದಾಟಿ ಬಂದ ಬೋರ್ಡನ್ನು ಅವಳು ದೊಡ್ಡ ಲೆನ್ಸಿನ ಕೆಳಗೆ ಹಿಡಿದು ನೋಡುತ್ತಾಳೆ. ಒಂದು ಚಿಪ್ಪಿನ ಎರಡು ಕಾಲಿನ ಮಧ್ಯೆ ಕೂದಲಿಗಿಂತ ತೆಳ್ಳಗೆ ಸೋಲ್ಡರ್ ಎಳೆ ಅಂಟಿತ್ತು. ನನ್ನ ಕಣ್ಣಿಗೆ ಕಾಣಲೇ ಇಲ್ಲ. ಅವಳು ಸಾಲ್ಡರಿಂಗ್ ಐರನ್ ತುದಿ ಮುಟ್ಟಿಸಿ ಒಂದು ಉಸಿರಿನಲ್ಲಿ ಬಿಡಿಸಿದಳು.

"ಇದನ್ನ ಯಾರು ಹೇಳಿಕೊಟ್ಟರು?" ಅಂದೆ.

"ಇಲ್ಲೇ ಕಲಿತದ್ದು ಸರ್. ಒಬ್ಬರು ಅಕ್ಕ ಇದ್ದಾರೆ, ಹದಿನೈದು ವರ್ಷದಿಂದ ಇದೇ ಮಾಡ್ತಿದ್ದಾರೆ. ಅವರು ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಟ್ರು."

ಆಮೇಲೆ ಖಾಲಿ ರೀಲಿನ ಲೇಬಲ್ ತೋರಿಸಿದಳು. ಮಲೇಷ್ಯಾ. ಇನ್ನೊಂದು, ಫಿಲಿಪೈನ್ಸ್. ಮತ್ತೊಂದು, ತೈವಾನ್.

ಮಲೇಷ್ಯಾ ಹೆಸರು ನೋಡಿ ನನಗೆ ಪೆನಾಂಗ್ ನೆನಪಾಯಿತು. ಅಲ್ಲಿ ಇಂಟೆಲ್ ಬಂದದ್ದು 1972ರಲ್ಲಿ, ವೇಫರ್ ಮಾಡಲು ಅಲ್ಲ, ಪ್ಯಾಕಿಂಗ್ ಮಾಡಲು. ಹೊಲಿಗೆ ಕಲಿತ ಕೈಗಳು ಮೈಕ್ರೋಸ್ಕೋಪ್ ಕೆಳಗೆ ತಂತಿ ಕೂಡಿಸಲು ಕಲಿತವು. ಐವತ್ತು ವರ್ಷದಲ್ಲಿ ಆ ಊರು ಪ್ರಪಂಚದ ದೊಡ್ಡ ಚಿಪ್ ಪ್ಯಾಕಿಂಗ್ ಕೇಂದ್ರಗಳಲ್ಲಿ ಒಂದಾಗಿದೆ. ಅವರು ಮೇಲಿನ ಮೆಟ್ಟಿಲಿನಿಂದ ಶುರು ಮಾಡಲಿಲ್ಲ.

ನಮ್ಮಲ್ಲೂ ಹೀಗೆ ಮಾಡಿ ತೋರಿಸಿದವರಿದ್ದಾರೆ. ಮಂಡ್ಯದ ಮೈಶುಗರ್ ನೋಡಿ. 1933ರಲ್ಲಿ ಸರ್ಕಾರ ಸುಮ್ನೆ ಒಂದು ಕಾರ್ಖಾನೆ ತಂದು ನಿಲ್ಲಿಸಲಿಲ್ಲ. ಮೊದಲು ಕನ್ನಂಬಾಡಿ ಕಟ್ಟೆ, ಆಮೇಲೆ ಈಗ ನಾವು ವಿಶ್ವೇಶ್ವರಯ್ಯ ನಾಲೆ ಅನ್ನುವ ಇರ್ವಿನ್ ನಾಲೆ, ನಾಲೆ ಬಂದ ಕಡೆ ಕಬ್ಬು. ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ರೈತರ ಜೊತೆ ಗದ್ದೆಗೆ ಇಳಿದು ಕೆಲಸ ಮಾಡಿದರು. ಕಬ್ಬು ಬೆಳೆಯುವ ಕೈ ಇದ್ದ ಜಾಗಕ್ಕೆ ಗಾಣ ಬಂತು. ಸರ್ಕಾರದ ದುಡ್ಡು ಅಂದರೆ ನನಗೆ ಮನಸ್ಸಿಗೆ ಬರುವ ಕ್ರಮ ಅದು.

ಮೈಸೂರಿನಲ್ಲಿ ಈಗ ಬೆಳೆದು ನಿಂತಿರುವ ಕಬ್ಬು ಯಾವುದು? ಬೋರ್ಡ್. ಬೋರ್ಡ್ ಮಾಡುವವರು ನಂಜನಗೂಡಿನಲ್ಲಿದ್ದಾರೆ, ಬೋರ್ಡಿಗೆ ಚಿಪ್ ಕೂಡಿಸುವವರು ಮೈಸೂರಿನ ತುಂಬ ಇದ್ದಾರೆ. ಕೋಚನಹಳ್ಳಿಯಲ್ಲಿ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್, ಕ್ಲಸ್ಟರ್ ಮಾಡುವುದಾಗಿ ರಾಜ್ಯ ಸರ್ಕಾರ ಹೇಳಿದೆ. ಕೇಂದ್ರವೂ 2025ರ ಮಾರ್ಚ್‌ನಲ್ಲಿ ಬಿಡಿಭಾಗಗಳ ತಯಾರಿಕೆಗೆ ಅಂತ 22,919 ಕೋಟಿಯ ಯೋಜನೆ ತಂದಿದೆ. ನನಗೆ ಇದು ವೇಫರ್ ಕಾರ್ಖಾನೆಯ ಸುದ್ದಿಗಿಂತ ಹೆಚ್ಚು ಸಮಾಧಾನ ಕೊಟ್ಟಿತು. ಬೋರ್ಡಿನ ಪಕ್ಕದ ಮೆಟ್ಟಿಲು ಚಿಪ್ ಪ್ಯಾಕಿಂಗ್. ರಾಜ್ಯ ತನ್ನ ಪಾಲಿನ ಹಣವನ್ನು ಅಲ್ಲಿಗೆ ಗಟ್ಟಿಯಾಗಿ ಇಡಲಿ, ಗುಜರಾತಿಗೆ ಸಮನಾಗಿ ಇಡಲಿ. ಮುಂದೆ ಯಾರೇ ಕೋಚನಹಳ್ಳಿಗೆ ಬಂದರೂ, ಎಕರೆ ಕೊಡುವ ಮುಂಚೆ ಒಂದು ಕಾಗದ ಕೇಳಲಿ. ತಂತ್ರಜ್ಞಾನದ ಒಡೆಯರು ಸಹಿ ಹಾಕಿದ, ಯಾವ ಕಾರಣಕ್ಕೂ ಕೈಬಿಡುವುದಿಲ್ಲ ಅನ್ನುವ ಕಾಗದ.

ಇನ್ನು ನಮ್ಮ ಕಾಲೇಜಿನ ಪಾಲು. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ 2023ರಲ್ಲಿ ಐಸಿ, ಅಂದರೆ ಚಿಪ್, ತಯಾರಿಕೆಗೆ ಅಂತಲೇ ಡಿಪ್ಲೊಮಾ ಪಠ್ಯಕ್ರಮ ಹೊರತಂದಿದೆ. ಪುಸ್ತಕದಲ್ಲಿ ಚೆನ್ನಾಗಿದೆ. ಆದರೆ ನನ್ನ ಲ್ಯಾಬಿನಲ್ಲಿ ಒಂದು ವೈರ್ ಬಾಂಡರ್ ಇಲ್ಲ. ಕೂದಲಿನ ಅರ್ಧ ದಪ್ಪದ ಚಿನ್ನದ ತಂತಿಯನ್ನು ಚಿಪ್ಪಿಗೆ ಬೆಸೆಯುವ ಮೆಷಿನ್ ಅದು. ಕೈಯಲ್ಲಿ ನಡೆಸುವ ಹಳೆಯ ಮಾದರಿಯದು ಒಂದಿದ್ದರೂ ಸಾಕು, ವರ್ಷಕ್ಕೆ ಅರವತ್ತು ಮಕ್ಕಳ ಕೈ ಪಳಗುತ್ತೆ. ಎರಡು ವರ್ಷದಲ್ಲಿ ಎರಡು ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಮೂರನೆಯ ಪತ್ರದ ಜೊತೆ ಈ ಸಲ ಆ ಹುಡುಗಿ ಬರೆದುಕೊಟ್ಟ ಎರಡು ಹಾಳೆ ಸೇರಿಸಿ ಕಳಿಸಿದ್ದೇನೆ. ಕೆಲಸಕ್ಕೆ ಸೇರಿದ ಮೂರು ತಿಂಗಳಲ್ಲಿ ಹೊಸದಾಗಿ ಏನೇನು ಕಲಿಯಬೇಕಾಯಿತು ಬರಿ ಅಂದಿದ್ದೆ. ಕಾಲೇಜಿನಲ್ಲಿ ನಾವು ಹೇಳಿಕೊಡದೇ ಇದ್ದದ್ದು ಇಪ್ಪತ್ತಮೂರು ವಿಷಯ ಬರೆದಿದ್ದಾಳೆ. ಮೊದಲನೆಯದು: "ರೀಲಿನ ಲೇಬಲ್ ಓದುವುದು."